ಗಾಜಿನ ಕಾಲುವೆಗೆ ಬಾರದ ಮರಿಗಳು

ರಾಜಮಣಿಗೆ ಬೆಳಗಾದರೆ ತೊಳೆಯಬೇಕಾದ ಬಾಗಿಲು ಎರಡು. ಒಂದು ತನ್ನ ಮನೆಯದು, ಇನ್ನೊಂದು ಹೊಳೆಯದು.

ಮನೆಯ ಹೊಸ್ತಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಮುದ್ದೆಗೆ ಎಸರಿಟ್ಟು, "ಉಕ್ಕಿಸ್ಬೇಡಿ, ಒಸಿ ಕಣ್ಣಿಟ್ಟಿರಿ" ಎಂದು ಗಂಡ ಮಾದೇಶನಿಗೆ ಒಪ್ಪಿಸಿ, ಅವಳು ದಂಡೆಗೆ ಇಳಿಯುತ್ತಿದ್ದಳು. ಅಲ್ಲಿ ಹತ್ತು ಮಾರು ಉದ್ದದ, ಮೊಳದಗಲದ ಗಾಜಿನ ಕಾಲುವೆ. ಕಪಿಲೆಯ ಒಂದು ಎಳೆ ನೀರನ್ನು ಹೊಳೆಯಿಂದ ಬಿಡಿಸಿ, ಗಾಜಿನ ನಡುವೆ ಹರಿಸಿ, ಮತ್ತೆ ಮಡುವಿಗೆ ಸೇರಿಸುವ ಏರ್ಪಾಡು. ನೀರಿಗೆ ಎದುರಾಗಿ ಈಜುವುದು ಮರಿಮೀನುಗಳ ಹುಟ್ಟುಗುಣ. ಬೆಳಗಿನ ಆರರಿಂದ ಎಂಟರವರೆಗೆ ಗೆಂಡೆಮರಿಗಳು ಸಾಲುಗಟ್ಟಿ ಈ ಕಾಲುವೆ ಹತ್ತುತ್ತಿದ್ದವು. ಒಂದೊಂದೂ ಹಾದುಹೋಗುವಾಗ ಬದಿಯಿಂದ ಮೆಲ್ಲನೆಯ ಬೆಳಕು ಬೀಳುತ್ತಿತ್ತು. ಪುಟ್ಟ ಮೈಯ ಆಚೆ ಈಚೆ ಎಲ್ಲ ಕಾಣುತ್ತಿತ್ತು, ಯಂತ್ರ ಅದನ್ನು ನೋಡಿ ಎಣಿಸಿಕೊಳ್ಳುತ್ತಿತ್ತು. ಆ ವರ್ಷಗಳಲ್ಲಿ ನಾಡಿನ ಹಲವು ಹೊಳೆಗಳಿಗೆ ಇಂಥ ಕಣ್ಣು ಕೂರಿಸಿದ್ದರು. ಮಡುವಿನಕೊಪ್ಪಲಿನ ಜನ ಅದನ್ನು ಹೊಳೆಗಣ್ಣು ಎನ್ನುತ್ತಿದ್ದರು.

ಮಳೆಗಾಲದ ಕೆಂಪು ನೀರಿಗೆ ಗಾಜಿನ ಮೇಲೆ ಮಣ್ಣು ಕೂರುತ್ತಿತ್ತು. ಬಾಗಿಲಿಗೆ ಕೊಳೆ ಕಟ್ಟಿಸಿಕೊಂಡು ಕೂರುವ ಹೆಂಗಸು ಆ ಊರಿನಲ್ಲೇ ಹುಟ್ಟಿಲ್ಲ. ರಾಜಮಣಿ ತೂಬಿನ ಚಕ್ರವನ್ನು ಗಡಗಡ ತಿರುಗಿಸಿ, ನೀರನ್ನು ರಭಸವಾಗಿ ಬಿಟ್ಟು, ತೆಂಗಿನ ನಾರಿನಿಂದ ಗಾಜು ಉಜ್ಜುತ್ತಿದ್ದಳು. ಮಣ್ಣು ಮತ್ತೆ ಕೂರದಿರಲಿ ಎಂದು ಎಂಟು ಗಂಟೆಯವರೆಗೂ ನೀರು ಹಾಗೇ ಓಡಲು ಬಿಡುತ್ತಿದ್ದಳು.

ಆ ಗುರುವಾರವೂ ಅವಳು ಅರ್ಧ ಗಾಜು ಉಜ್ಜಿದ್ದಳಷ್ಟೇ. ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ಮಗಳು ಇಂಪನ. ಒಂಬತ್ತು ವರ್ಷದ ಹುಡುಗಿ, ಒಂದೇ ಜಡೆ ಹೆಣೆದಿದೆ, ಇನ್ನೊಂದು ಕಡೆ ಕೂದಲು ಹಾಗೇ ಹರಡಿದೆ.

"ಜಡೆ ಹಾಕ್ತೀನಿ ತಡಿಯವ್ವ, ಕೈ ಪಾಚಿಯಾಗ್ಯದೆ."

ಹುಡುಗಿ ಅದಲ್ಲವೆಂದು ತಲೆಯಾಡಿಸಿ ಕಾಲುವೆಯ ಬುಡಕ್ಕೆ ಬೆರಳು ಮಾಡಿದಳು. ರಾಜಮಣಿ ನಾರು ಕೆಳಗಿಟ್ಟು ಬಗ್ಗಿದಳು. ಬೆರಳುದ್ದದ ಒಂದು ಗೆಂಡೆಮರಿ, ಮೈತುಂಬ ಎಳ್ಳು ಚೆಲ್ಲಿದ ಹಾಗೆ ಕರಿಚುಕ್ಕೆ, ಬಾಲ ಬಡಿಯುತ್ತ ಗಾಜಿನೊಳಗೆ ಒಂದು ಗೇಣು ಹತ್ತಿತು. ಅಲ್ಲೇ ನಿಂತು ನಡುಗಿತು. ನೀರಿನ ರಭಸಕ್ಕೆ ಜಾರಿ, ಮಡುವಿನ ಕಡೆಗೆ ಹೊರಟುಹೋಯಿತು.

"ಪಾಪ, ಸೋತುಹೋಯ್ತು" ಎಂದಳು ರಾಜಮಣಿ.

ಇಂಪನ ತಾಯಿಯ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಇದು ಮೂರ್ನೇ ಸಲ."

ಇನ್ನೂ ಏನೋ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ರಾಜಮಣಿ ಕಾದಳು. ಹುಡುಗಿ ತುಟಿ ಕಚ್ಚಿಕೊಂಡು ಓಡಿಹೋದಳು. ಮನೆಯ ಕಡೆಯಿಂದ ಎಸರು ಉಕ್ಕಿದ ವಾಸನೆ ಬಂತು.

ಮಗಳು ಗಟ್ಟಿಯಾಗಿ ಕೇಳುವುದನ್ನು ಬಿಟ್ಟು ಒಂದು ವರ್ಷವಾಗಿತ್ತು. ಹೊಳೆಗಣ್ಣು ನೋಡಲು ದೊಡ್ಡವರೆಲ್ಲ ಬಂದಿದ್ದ ದಿನ ಅವಳು ಎದ್ದು ನಿಂತು, "ಮೀನಿಗೆ ಕೆಮ್ಮು ಬತ್ತದಾ?" ಎಂದಿದ್ದಳು. ಬಂದವರೆಲ್ಲ ನಕ್ಕರು. ಪ್ರೀತಿಯಿಂದಲೇ ನಕ್ಕರು, ಆದರೆ ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರೂರಿಗೆ ಕಳಿಸಿಬಿಟ್ಟರು. ಆಮೇಲೆ ಶಾಲೆಯಲ್ಲಿ ಅವಳು ಬಂದರೆ ಸಾಕು, ಹುಡುಗರು ಖೊಕ್ ಖೊಕ್ ಎನ್ನುವರು. ಅಂದಿನಿಂದ ಅವಳ ಪ್ರಶ್ನೆಗಳೆಲ್ಲ ಅಮ್ಮನ ಕಿವಿಗೆ ಮಾತ್ರ. ಈಚೆಗೆ ಅದೂ ಕಮ್ಮಿ. ರಾಜಮಣಿ ಗದರಲಿಲ್ಲ, ಪುಸಲಾಯಿಸಲಿಲ್ಲ. ಹಾಲು ಹೆಪ್ಪಾಗುವಾಗ ಪಾತ್ರೆ ಅಲ್ಲಾಡಿಸಬಾರದು ಎಂದು ಅವಳಿಗೆ ಗೊತ್ತಿತ್ತು.

*

ಪ್ರತಿ ಗುರುವಾರ ಮೈಸೂರಿನಿಂದ ತನುಜಾ ಮೇಡಂ ಬರುತ್ತಿದ್ದರು. ಕಾಲುವೆಯ ಪಕ್ಕದ ತಗಡಿನ ಕೋಣೆಯಲ್ಲಿ ಅವರ ಪರದೆ, ಒಂದು ಮೇಜು, ಎರಡು ಕುರ್ಚಿ. ಮೀನಿನ ಮೈಮೇಲಿನ ಹುಳುಗಳನ್ನು ಓದುವುದೇ ಅವರ ಕಸುಬು. ರಾಜಮಣಿ ಕೊಟ್ಟ ಟೀ ಹಿಡಿದು ಅವರು ಪರದೆಯ ಮೇಲಿನ ಕೆಂಪು ಗೆರೆ ನೋಡುತ್ತ ಕೂತರು.

"ನೋಡಿ ರಾಜಮಣಿ, ಹೋದ ವರ್ಷದ ಹಾಗೇ ಆಯ್ತು. ವೈಶಾಖದಲ್ಲಿ ನೂರಕ್ಕೆ ಎಪ್ಪತ್ತು ಮರಿಗಳಿಗೆ ಚುಕ್ಕೆ. ಮಳೆ ಹಿಡಿದ ಮೇಲೆ ಇಪ್ಪತ್ತು. ಈಗ ಗೌರಿಹಬ್ಬ ಕಳೆದಿದೆ, ಬರೀ ಮೂರು."

"ಕಮ್ಮಿಯಾಗ್ಯದಲ್ಲ ಮೇಡಂ, ಒಳ್ಳೇದಲ್ವಾ?"

"ವಾಸಿಯಾಗಿ ಕಮ್ಮಿಯಾಗಿದ್ರೆ ಒಳ್ಳೇದು. ಚುಕ್ಕೆ ಒಂದ್ಸಲ ಬಂದ್ರೆ ಅಳಿಸಿ ಹೋಗಲ್ಲ. ಚುಕ್ಕೆಯವು ಸತ್ತು, ಚುಕ್ಕೆ ಇಲ್ಲದವು ಉಳಿದ್ರೂ ಗೆರೆ ಹೀಗೇ ಇಳಿಯುತ್ತೆ."

ಎರಡು ವರ್ಷದಿಂದ ಕೇಳಿ ಕೇಳಿ ರಾಜಮಣಿಗೂ ಆ ಹುಳುವಿನ ಸಂಸಾರ ಬಾಯಿಪಾಠವಾಗಿತ್ತು. ಅದು ದೊಡ್ಡದಾಗುವುದು ಕೊಕ್ಕರೆಯ ಹೊಟ್ಟೆಯಲ್ಲಿ. ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಮಡುವಿನ ಜೊಂಡಿನಲ್ಲಿರುವ ಬಸವನಹುಳುವಿನೊಳಗೆ ಸೇರಿ ಮರಿ ಮಾಡುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿ ನೀರು ಬೆಚ್ಚಗಾದಾಗ ಅಲ್ಲಿಂದ ಸಾವಿರ ಸಾವಿರವಾಗಿ ಹೊರಬಿದ್ದು, ಆಗಷ್ಟೇ ಹುಟ್ಟಿದ ಮೀನುಮರಿಗಳ ಮೈ ಹೊಗುತ್ತದೆ. ಆ ಮೀನನ್ನು ಕೊಕ್ಕರೆ ತಿಂದರೆ ಮತ್ತೆ ಮೊದಲಿಂದ ಶುರು. ಮಳೆ ಬಂದು ನೀರು ತಣ್ಣಗಾಗಿ ಬಸವನಹುಳುಗಳು ಕೊಚ್ಚಿಹೋದರೆ ಹೊಸ ಚುಕ್ಕೆ ಬೀಳುವುದು ನಿಲ್ಲುತ್ತದೆ.

"ಆ ಕರಿಚುಕ್ಕೆ ಹುಳುವಿಂದಲ್ಲ ಗೊತ್ತಾ?" ಎಂದರು ತನುಜಾ, ಬಾಗಿಲಲ್ಲಿ ನಿಂತಿದ್ದ ಇಂಪನಳಿಗೆ ಕೇಳಲೆಂದೇ. "ಹುಳು ಬಂದು ಕೂತ ಜಾಗದ ಸುತ್ತ ಮೀನೇ ಕರಿ ಗೋಡೆ ಕಟ್ಟುತ್ತೆ, ಅದನ್ನ ಒಳಗೇ ಕೂಡಿಹಾಕೋಕೆ. ನಾವು ನೋಡೋದು ಆ ಗೋಡೇನ."

ಇಂಪನಳ ಕಣ್ಣು ಅರಳಿತು.

"ಸೋಮವಾರ ಜಿಲ್ಲೆಯಿಂದ ಪರಶಿವಮೂರ್ತಿ ಸಾಹೇಬ್ರು ಬರ್ತಾರೆ" ಎಂದರು ತನುಜಾ, ದನಿ ತಗ್ಗಿಸಿ. "ಮೂರರಲ್ಲಿ ಎರಡು ಪಾಲು ಮರಿ ಸಾಯ್ತಿದ್ರೆ ಇನ್ನು ನಾಲ್ಕು ವರ್ಷಕ್ಕೆ ಮಡುವಲ್ಲಿ ಗೆಂಡೆ ಇರಲ್ಲ. ಈ ಕಾಯಿಲೆ ಕೆಳಗಿನ ಊರುಗಳ ಮೀನಿಗೂ ಇಳಿಯುತ್ತೆ. ಬಸವನಹುಳು ಕೊಲ್ಲೋ ಪುಡಿ ಹಾಕಿಸ್ಬೇಕು ಅಂತಾರೆ. ನನ್ನ ಗೆರೆ ನೋಡಿದ್ರೆ ಬೇಡ ಅನ್ನೋಕೆ ನನ್ಹತ್ರ ಮಾತೇ ಇಲ್ಲ."

ಪುಡಿ ಹಾಕಿದರೆ ಬಸವನಹುಳುವಿನ ಜೊತೆ ಏಡಿ, ಸಿಗಡಿ ಎಲ್ಲ ಹೋಗುತ್ತವೆ. ಇನ್ನೂ ಮೂರು ವರ್ಷ ಮಡುವಿಗೂ ಅದರ ಕೆಳಗಿನ ಹೊಳೆಗೂ ಯಾರೂ ಬಲೆ ಇಳಿಸುವಂತಿಲ್ಲ. ಮೂವತ್ತೆರಡು ಬೆಸ್ತರ ಮನೆಗಳು ತೆಪ್ಪ ಹೊತ್ತುಕೊಂಡು ಬೇರೆ ನೀರು ಹುಡುಕಬೇಕು.

*

"ಹಿನ್ನೀರಿನ ಕಡೆ ಹೋಗೋದಾದ್ರೆ ದಸರಾ ಒಳಗೇ ಹೋಗ್ಬೇಕು" ಎಂದ ಮಾದೇಶ, ಸಂಜೆ ಮುದ್ದೆ ಮುರಿಯುತ್ತ. "ಅಲ್ಲಿನೋರು ನಮ್ಮನ್ನ ಸೇರಿಸ್ಕಂತಾರೋ ಇಲ್ವೋ."

ಎದುರಿಗೆ ಅವನ ದೊಡ್ಡಪ್ಪ ಜವರಣ್ಣ ಊಟಕ್ಕೆ ಕೂತಿದ್ದ. ಮೀನುಗಾರರ ಸಂಘದ ಅಧ್ಯಕ್ಷ. "ಎರಡು ವರ್ಷ ಮಡುವಿಗೆ ಬಲೆ ಇಳಿಸ್ಬೇಡಿ, ಕಣ್ಣು ನೋಡ್ತದೆ ಅಂದ್ರು. ಇಳಿಸ್ಲಿಲ್ಲ. ಹೆಂಗಸ್ರು ಮಡುವಿನ ಹಳೇ ಸೋಪಾನದ ಮೆಟ್ಟಿಲಲ್ಲಿ ಪಾತ್ರೆ ತೊಳೀಬೇಡಿ, ಸೋಪಿನ ನೀರಾಯ್ತದೆ ಅಂದ್ರು. ತೊಳೀಲಿಲ್ಲ. ಕೆಳಗಡೆ ಹೊಳೇಲಿ ಬೆರಳಷ್ಟು ಮೀನು ಹಿಡ್ಕೊಂಡು ಸಾರು ಮಾಡ್ಕೊಂಡು ಕೂತಿದ್ದೀವಿ. ಈಗ ಹೆಂಗದೆ ನೋಡು, ಕಣ್ಣು ಕೂರಿಸಿದ್ಮೇಲೆ ನಮ್ಗೇ ಕತ್ತಲೆ." ಸಾರು ಸುರಿದುಕೊಂಡು, "ಸಾರು ಮಾತ್ರ ಚೆನ್ನಾಗದೆ ಕಣವ್ವ ರಾಜಮಣಿ. ಮುದ್ದೆ ಸೀದಿರೋದು ಬಿಟ್ರೆ."

"ಮುದ್ದೆ ನಾನು ಮಾಡ್ಲಿಲ್ಲ ಮಾವ, ನಿಮ್ಮ ಮಗನ ಕೈಗುಣ" ಎಂದಳು ರಾಜಮಣಿ. ಮಾದೇಶನೂ ನಕ್ಕ. ನಗು ಬಹಳ ಹೊತ್ತು ನಿಲ್ಲಲಿಲ್ಲ.

ಇಂಪನ ತಟ್ಟೆಯಲ್ಲಿ ಸಾರು ಕದಡುತ್ತ, ಕಾಲುವೆಯಲ್ಲಿ ಸೋತ ಮೀನಿನ ಹಾಗೆ ಮಾತು ಹೊರಬಾರದೆ ಒಳಗೇ ತಿಣುಕುತ್ತಿದ್ದಳು. ರಾಜಮಣಿ ಅವಳ ತಟ್ಟೆಗೆ ಮುಳ್ಳು ಬಿಡಿಸಿದ ತುಂಡು ಹಾಕಿದಳು. ಏನವ್ವ ಎಂದು ಕೇಳಲಿಲ್ಲ.

*

ಶನಿವಾರ ಶಾಲೆ ಅರ್ಧ ದಿನ. ರಾಜಮಣಿ ಬಟ್ಟೆ ಒಗೆದು ಬರುವಾಗ ಮಗಳು ಹಳೇ ಸೋಪಾನದ ಕೊನೆಯ ಕಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದಳು. ಎರಡು ವರ್ಷದಿಂದ ಯಾರೂ ಕಾಲಿಡದ ಕಲ್ಲುಗಳು, ಹುಲ್ಲು ಹುಟ್ಟಿದೆ. ಹುಡುಗಿಯ ಕೈಯಲ್ಲಿ ತನುಜಾ ಮೇಡಂ ರಾಜಮಣಿಗೆ ಕೊಟ್ಟಿದ್ದ ಕೈಗಣ್ಣು. ಅದು ಅಂಗೈಯಗಲದ ಯಂತ್ರ. ನಮ್ಮ ಹೆಬ್ಬೆರಳಿನ ಗೆರೆಯ ಹಾಗೆ ಒಂದೊಂದು ಮೀನಿನ ಹುರುಪೆಯ ಸಾಲೂ ಬೇರೆ ಬೇರೆ. ಕಾಲುವೆ ಹಾದ ಪ್ರತಿ ಮರಿಗೂ ಹೊಳೆಗಣ್ಣು ಆ ಸಾಲು ನೋಡಿ ಒಂದು ಸಂಖ್ಯೆ ಕೊಟ್ಟಿರುತ್ತದೆ. ಕೈಗಣ್ಣನ್ನು ನೀರಿಗೆ ಹಿಡಿದರೆ ಎದುರಿನ ಮೀನಿನ ಸಂಖ್ಯೆ ಹಸಿರು ಅಕ್ಷರದಲ್ಲಿ ಮೂಡುತ್ತದೆ.

"ಬಿದ್ದುಗಿದ್ದೀಯ ಕೂಸೆ!"

ಇಂಪನ ತುಟಿಗೆ ಬೆರಳಿಟ್ಟು ಅಮ್ಮನನ್ನು ಕರೆದಳು. ರಾಜಮಣಿ ಬಕೆಟ್ಟು ಇಳಿಸಿ, ಸೀರೆ ಎತ್ತಿಕಟ್ಟಿ, ಮಗಳ ಪಕ್ಕ ತಾನೂ ಬೋರಲು ಮಲಗಿದಳು. ಕಲ್ಲಿನ ಮರೆಯಲ್ಲಿ ನೀರು ನಿಂತ ಹಾಗಿತ್ತು. ಅಲ್ಲಿ ಮರಿಗಳ ದೊಂಬಿ. ಎಳ್ಳು ಚೆಲ್ಲಿದ ಮೈ, ಎಳ್ಳು ಚೆಲ್ಲಿದ ಮೈ, ಎಲ್ಲೋ ಒಂದು ಬೋಳು ಬೆಳ್ಳಿ. ಹೊಟ್ಟೆ ತುಂಬಿ ದುಂಡಗಿವೆ, ಕಲ್ಲಿನ ಪಾಚಿ ಕಚ್ಚಿ ಕಚ್ಚಿ ಎಳೆಯುತ್ತಿವೆ. ಸಾಯುವ ಲಕ್ಷಣ ಒಂದಕ್ಕೂ ಇಲ್ಲ.

ಇಂಪನ ಕೈಗಣ್ಣು ಹಿಡಿದಳು. ಸಂಖ್ಯೆ ಮೂಡಿತು, ಆದರೆ ಹಸಿರಲ್ಲ, ಬೂದಿ ಬಣ್ಣ. ಇನ್ನೊಂದಕ್ಕೆ ಹಿಡಿದಳು. ಅದೂ ಬೂದಿ. ಇಬ್ಬರೂ ಸೇರಿ ಇಪ್ಪತ್ತಾರು ಮೀನು ನೋಡಿದರು. ಇಪ್ಪತ್ತೊಂದು ಬೂದಿ.

"ಬ್ಯಾಟರಿ ಹೋಗ್ಯದೇನೋ" ಎಂದಳು ರಾಜಮಣಿ. ಅಲ್ಲವೆಂದು ಅವಳಿಗೇ ಅನ್ನಿಸಿತು. ಬಟ್ಟೆ ಹಿಂಡಿ ಹರವಿ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮೇಡಂಗೆ ಫೋನು ಮಾಡಿದಳು.

"ಬೂದಿ ಬಣ್ಣಾನಾ?" ಎಂದರು ತನುಜಾ. "ನಲವತ್ತು ದಿನ ಕಾಲುವೆಗೆ ಬರದ ಮೀನನ್ನ ಯಂತ್ರ ಸತ್ತಿದೆ ಅಂತ ಬೂದಿಗೆ ಹಾಕುತ್ತೆ. ಕೈಗಣ್ಣು ಹತ್ತಕ್ಕೆ ಒಂದು ತಪ್ಪು ಓದುತ್ತೆ, ನಿಜ. ಆದ್ರೆ ಇಪ್ಪತ್ತೊಂದೂ ತಪ್ಪಾಗೋಕೆ ಸಾಧ್ಯ ಇಲ್ಲ. ರಾಜಮಣಿ, ಮಳೆಗಾಲದಲ್ಲಿ ತೂಬು ಎಷ್ಟು ತೆಗೀತೀರಿ?"

"ನಾಲ್ಕು ಸುತ್ತು ಮೇಡಂ. ಮಣ್ಣು ಕೂರ್ತದಲ್ಲ, ಚೊಕ್ಕಟವಾಗಿರ್ಲಿ ಅಂತ."

"ಎಣಿಕೆ ಹೊತ್ತಲ್ಲೂ?"

"ಹೂಂ."

"ನಾನು ಅರ್ಧ ಸುತ್ತು ಅಂದಿದ್ದೆ."

ರಾಜಮಣಿಗೆ ಗುರುವಾರ ಬೆಳಗ್ಗೆ ಗೇಣು ಹತ್ತಿ ಜಾರಿದ ಮರಿ ಕಣ್ಣಿಗೆ ಕಟ್ಟಿತು. ಮೈತುಂಬ ಗೋಡೆ ಹೊತ್ತ ಮೀನು ಸಲೀಸಾಗಿ ಈಜೀತೇ? ತಾನು ಚೊಕ್ಕಟ ಮಾಡುತ್ತೇನೆಂದು ಎರಡು ಮಳೆಗಾಲ ಅವುಗಳನ್ನು ಬಾಗಿಲಿಂದಲೇ ಹಿಂದಕ್ಕೆ ದಬ್ಬುತ್ತಿದ್ದಳು. ಗೆರೆ ಇಳಿದದ್ದು ಮಳೆಯಿಂದ ಎಷ್ಟೋ, ತನ್ನ ಕೈಯಿಂದ ಎಷ್ಟೋ.

"ಅಳ್ಬೇಡಿ" ಎಂದರು ತನುಜಾ. "ಸೋಮವಾರ ಸಭೇಲಿ ಇದ್ದದ್ದು ಇದ್ದ ಹಾಗೆ ಹೇಳಿ. ನಾನೂ ಹೇಳ್ತೀನಿ. ನಂಬ್ತಾರೋ ಇಲ್ವೋ ಗೊತ್ತಿಲ್ಲ."

ಫೋನಿಟ್ಟ ಮೇಲೆ ಇಂಪನ ಬಂದು ಅಮ್ಮನ ಸೊಂಟ ತಬ್ಬಿ ನಿಂತಳು. ರಾಜಮಣಿ ಅವಳ ಬಿಚ್ಚಿಹೋಗಿದ್ದ ಜಡೆ ಹೆಣೆಯುತ್ತ, "ಅವತ್ತೇ ಹೇಳೋಕೆ ಬಂದ್ಯಾ ನೀನು?" ಎಂದಳು. ಹುಡುಗಿ ಹೌದೆಂದು ತಲೆಯಾಡಿಸಿದಳು. "ಸೋಮವಾರ ಬತ್ತೀಯಾ ನಂಜೊತೆ?" ಹುಡುಗಿ ಅಮ್ಮನ ಸೆರಗಿಗೆ ಮುಖ ಒತ್ತಿಕೊಂಡಳು.

*

ಸೋಮವಾರ ಸಂಘದ ಕಟ್ಟಡದ ಜಗುಲಿಯಲ್ಲಿ ಚಾಪೆ ಹಾಸಿದ್ದರು. ಪರಶಿವಮೂರ್ತಿಯವರು ಜಿಲ್ಲೆಯ ಅಧಿಕಾರಿ. ಕೆಟ್ಟ ಮನುಷ್ಯರಲ್ಲ. ಎರಡು ರಾತ್ರಿ ನಿದ್ದೆಗೆಟ್ಟ ಮುಖ, ಕೈಯಲ್ಲಿ ಅಂದೇ ಕಳಿಸಬೇಕಾದ ವರದಿ. ತನುಜಾ ಮಾತಾಡಿ ಕೂತರು. ಆಮೇಲೆ ರಾಜಮಣಿ ಎದ್ದಳು.

"ತಪ್ಪು ನಂದು ಸಾರ್. ಅರ್ಧ ಸುತ್ತು ಬಿಡೋ ಕಡೆ ನಾಲ್ಕು ಸುತ್ತು ಬಿಟ್ಟೆ. ಚುಕ್ಕೆ ಮರಿಗಳು ಹತ್ನಾರ್ದೆ ವಾಪಸ್ ಹೋದ್ವು. ಅವು ಸತ್ತಿಲ್ಲ, ಹಳೇ ಸೋಪಾನದ ಕಲ್ಲಿನ ಮರೇಲಿ ಅವೆ. ನಾನೂ ನನ್ನ ಮಗಳೂ ನೋಡಿದ್ದೀವಿ."

ಚಾಪೆಯ ಮೇಲೆ ಗುಸುಗುಸು ಎದ್ದಿತು. "ಊರನ್ನೇ ತೊಳೆದುಬಿಟ್ಟಳಲ್ಲಪ್ಪ" ಎಂದರು ಯಾರೋ. ಮಾದೇಶ ತಲೆ ತಗ್ಗಿಸಿದ. ಜವರಣ್ಣ ಮಾತ್ರ ದನಿ ಎತ್ತಿ, "ತಪ್ಪನ್ನ ಎದ್ದು ನಿಂತು ಒಪ್ಕೊಂಡೋಳು ಅವಳೊಬ್ಬಳೇ ಕಣ್ರಯ್ಯಾ. ಬಾಯ್ಮುಚ್ಕೊಂಡು ಕೇಳಿ" ಎಂದ.

ಪರಶಿವಮೂರ್ತಿ ಕನ್ನಡಕ ತೆಗೆದು ಒರೆಸಿದರು. "ನೀವು ಸುಳ್ಳು ಹೇಳ್ತಿದ್ದೀರಿ ಅಂತಿಲ್ಲಮ್ಮ. ಇಪ್ಪತ್ತೊಂದು ಮೀನು ನೋಡಿದ್ದೀರಿ, ಅದೂ ಕೈಯಂತ್ರದಲ್ಲಿ. ಇಲ್ಲಿ ಹದಿನೆಂಟು ಸಾವಿರ ಮೀನುಗಳ ಪಟ್ಟಿ ಇದೆ. ಮೂರು ತಿಂಗಳಿಂದ ಯಂತ್ರ ಅವನ್ನ ಒಂದು ಸಲವೂ ನೋಡಿಲ್ಲ. ನೋಡಿಲ್ಲ ಅಂದ್ಮೇಲೆ ಸತ್ತಿವೆ ಅಂತಲೇ ಬರೀಬೇಕು, ಪದ್ಧತಿ ಅದು. ನಾನು ಪುಡಿ ಬೇಡ ಅಂದು, ಮುಂದಿನ ಬೇಸಿಗೆಗೆ ಕೆಳಗಿನ ಆರು ಊರಿಗೆ ಕಾಯಿಲೆ ಇಳಿದ್ರೆ ಆ ಜನಕ್ಕೆ ಏನು ಹೇಳ್ಲಿ?"

"ಒಂದು ವಾರ ಕೊಡಿ ಸಾರ್" ಎಂದರು ತನುಜಾ. "ತೂಬು ಅರ್ಧ ಸುತ್ತಿಗೆ ಇಳಿಸಿ ಮತ್ತೆ ಎಣಿಸ್ತೀವಿ. ಅವು ಬದುಕಿದ್ರೆ ಪುಡಿ ಬೇಕಿಲ್ಲ. ಮಾಘದಲ್ಲಿ, ನೀರು ಬೆಚ್ಚಗಾಗೋ ಮೊದಲು, ಊರೋರೇ ಇಳಿದು ಜೊಂಡು ಕಿತ್ತರೆ ಬಸವನಹುಳು ಅದರ ಜೊತೆಗೇ ಬರುತ್ತೆ."

"ನಾವು ಕೀಳ್ತೀವಿ" ಎಂದ ಮಾದೇಶ, ತಲೆ ಎತ್ತಿ. "ಮೂವತ್ತೆರಡು ಮನೆ ಅದೆ, ಒಂದು ತಿಂಗಳ ಕೆಲ್ಸ."

"ವಾರ ಕೊಡೋಕೆ ಕಾರಣ ಬೇಕಲ್ಲಪ್ಪ. ಯಂತ್ರದ ಪಟ್ಟಿ ತಪ್ಪು ಅಂತ ನಾನು ಯಾವ ಬಾಯಲ್ಲಿ ಬರೀಲಿ?" ಅವರು ಪೆನ್ನು ತೆಗೆದರು. ಬಲು ನಿಧಾನವಾಗಿಯೇ ತೆಗೆದರು. "ಬೇರೆ ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?"

ಮಡುವಿನ ಕಡೆಯಿಂದ ಗಾಳಿ ಬಂದು ವರದಿಯ ಹಾಳೆಗಳನ್ನು ಎತ್ತಿತು, ಅವರು ಅಂಗೈಯಿಂದ ಒತ್ತಿ ಹಿಡಿದರು. ರಾಜಮಣಿಯ ಸೆರಗಿನ ತುದಿ ಹಿಡಿದಿದ್ದ ಪುಟ್ಟ ಕೈ ಬಿಗಿಯಾಯಿತು. ಅವಳು ತಿರುಗಿ ನೋಡಲಿಲ್ಲ, ಉಸಿರನ್ನೂ ಮೆಲ್ಲಗೆ ಬಿಟ್ಟಳು. ಕೈ ಸಡಿಲವಾಯಿತು. ಪಕ್ಕದಲ್ಲಿ ಚಾಪೆ ಸರಿದ ಸದ್ದು. ಹಿಂದಿನ ಸಾಲಿನಲ್ಲಿ ಯಾವನೋ ಹುಡುಗ ಖೊಕ್ ಎಂದ. ಜವರಣ್ಣ ತಿರುಗಿ ನೋಡಿದ್ದೇ ತಡ, ಕೆಮ್ಮು ಅಲ್ಲೇ ನಿಂತಿತು.

ಇಂಪನ ಎದ್ದು ನಿಂತಿದ್ದಳು. ಎರಡೂ ಜಡೆ ನೆಟ್ಟಗಿದ್ದವು, ಕಿವಿ ಕೆಂಪಾಗಿತ್ತು. ಮೊದಲ ಮಾತು ಗಂಟಲಲ್ಲೇ ಒಡೆಯಿತು. ಎರಡನೆಯ ಸಲ ಅವಳ ದನಿ ಜಗುಲಿ ದಾಟಿ ಬೀದಿಯವರೆಗೂ ಕೇಳಿಸಿತು:

"ಸಾರ್, ಆ ಯಂತ್ರ ನನ್ನನ್ನೂ ಒಂದು ಸಲವೂ ನೋಡಿಲ್ಲ. ಹಂಗಾರೆ ನಾನೂ ಸತ್ತೋಗಿದ್ದೀನಾ?"